‘ಟೋನಿ ಹಾಕ್ಸ್ ಪ್ರೋ ಸ್ಕೇಟರ್’: ಎರಡು ನಿಮಿಷದ ಆಟದ ಗುಣ-ದೋಷ

1999ರ ಜೂನ್ 27ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಎಕ್ಸ್ ಗೇಮ್ಸ್ ಕ್ರೀಡಾಕೂಟದಲ್ಲಿ ಟೋನಿ ಹಾಕ್ ಎಂಬ ಸ್ಕೇಟ್‌ಬೋರ್ಡ್ ಪಟು ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ, ಹಲಗೆಯ ಮೇಲೆಯೇ ಸುರಕ್ಷಿತವಾಗಿ ಇಳಿದರು. ಎರಡೂವರೆ ಸುತ್ತೆಂದರೆ 900 ಡಿಗ್ರಿ. ಸ್ಪರ್ಧೆಯೊಂದರಲ್ಲಿ ಈ ಸಾಹಸವನ್ನು ಸಾಧಿಸಿದವರಲ್ಲಿ ಅವರೇ ಮೊದಲಿಗರು. ಆಗ ಅವರಿಗೆ 31 ವರ್ಷ. ಅಂದು ಅದೇ ವೇದಿಕೆಯಲ್ಲಿ ಮೇಲಿಂದ ಮೇಲೆ ಬಿದ್ದ ಬಳಿಕವೇ ಅದು ಕೈಗೂಡಿತು. ಅದೇ ವರ್ಷ ಅವರ ಹೆಸರನ್ನೇ ಹೊತ್ತು ಮಾರುಕಟ್ಟೆಗೆ ಬಂದ ‘ಟೋನಿ ಹಾಕ್ಸ್ ಪ್ರೋ ಸ್ಕೇಟರ್’ ಎಂಬ ವಿಡಿಯೋ ಗೇಮ್‌ನಲ್ಲಾದರೋ, ಮನೆಯ ನಡುಮನೆಯಲ್ಲಿ ಕುಳಿತ ಹುಡುಗನೊಬ್ಬ ಅದನ್ನು ಹೆಬ್ಬೆರಳ ಚಲನೆಯಿಂದಲೇ ಎರಡು ನಿಮಿಷದಲ್ಲಿ ನಾಲ್ಕಾರು ಬಾರಿ ಮಾಡಬಹುದಾಗಿತ್ತು. ಈ ಆಟದ ಹೆಚ್ಚುಗಾರಿಕೆ ಯಾವುದು, ಕೊರತೆ ಯಾವುದು ಎಂಬ ಪ್ರಶ್ನೆಗಳೆರಡೂ ಹುಟ್ಟುವುದು ಈ ಅಂತರದಿಂದಲೇ.

ಸ್ಕೇಟ್‌ಬೋರ್ಡನ್ನು ಪರದೆಯ ಮೇಲೆ ತಂದ ಆಟಗಳಲ್ಲಿ ಇದು ಮೊದಲನೆಯದಲ್ಲ. 1986ರಲ್ಲಿ ಅಟಾರಿ ಗೇಮ್ಸ್ ಸಂಸ್ಥೆ ‘720°’ ಎಂಬ ಆಟವನ್ನು ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ತಯಾರಿಸಿತ್ತು. ಅದರಲ್ಲಿ ಸವಾರ ಊರೊಳಗೆ ಸುತ್ತಾಡಿ ಅಂಕ ಗಳಿಸಿ, ಟಿಕೆಟ್ ಪಡೆದು ನಾಲ್ಕು ಬಗೆಯ ಸ್ಪರ್ಧಾಂಗಣಗಳಿಗೆ ಪ್ರವೇಶಿಸಬೇಕು. ಸಮಯ ಮುಗಿಯಿತೆಂದರೆ ಜೇನ್ನೊಣಗಳ ಹಿಂಡು ಬೆನ್ನಟ್ಟುತ್ತಿತ್ತು. ಪರದೆಯ ಮೇಲೆ ‘ಸ್ಕೇಟ್ ಆರ್ ಡೈ’ ಎಂಬ ಎಚ್ಚರಿಕೆ ಮೂಡುತ್ತಿತ್ತು. ಮರುವರ್ಷ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಹೊರತಂದ ಆಟದ ಹೆಸರೂ ‘ಸ್ಕೇಟ್ ಆರ್ ಡೈ!’ ಎಂದೇ. 1997ರಲ್ಲಿ ಸೇಗಾದ ‘ಟಾಪ್ ಸ್ಕೇಟರ್’ ಬಂದಿತು. ಅದರಲ್ಲಿ ಆಟಗಾರ ನಿಜವಾದ ಹಲಗೆಯನ್ನು ಹೋಲುವ ಪೀಠದ ಮೇಲೆ ನಿಂತು ಆಡಬೇಕಿತ್ತು. ನೆವರ್‌ಸಾಫ್ಟ್ ಎಂಬ ಕ್ಯಾಲಿಫೋರ್ನಿಯಾದ ಸಣ್ಣ ಸಂಸ್ಥೆಗೆ ಪ್ರೇರಣೆಯಾದದ್ದು ಈ ಕೊನೆಯ ಆಟ.

ನೆವರ್‌ಸಾಫ್ಟ್ ಆಗಷ್ಟೇ ‘ಅಪೋಕಲಿಪ್ಸ್’ ಎಂಬ ಗುಂಡಿನ ಕಾಳಗದ ಆಟವನ್ನು ಮುಗಿಸಿತ್ತು. ನಟ ಬ್ರೂಸ್ ವಿಲಿಸ್ ಅದರ ನಾಯಕ. ಹೊಸ ಆಟದ ಮೊದಲ ಮಾದರಿಯನ್ನು ಅದೇ ತಂತ್ರಾಂಶದ ತಳಹದಿಯ ಮೇಲೆ ಕಟ್ಟಿದ್ದರಿಂದ, ಟೋನಿ ಹಾಕ್ ಅವರಿಗೆ ತೋರಿಸಿದ ಮಾದರಿಯಲ್ಲಿ ಬ್ರೂಸ್ ವಿಲಿಸ್ ಅವರೇ ಬೆನ್ನಿಗೆ ಬಂದೂಕು ಕಟ್ಟಿಕೊಂಡು ಸ್ಕೇಟ್ ಮಾಡುತ್ತಿದ್ದರು! ಹಾಕ್ ಅವರಿಗೆ ಬೇಕಾದದ್ದು ಆ ವೇಷವಲ್ಲ, ಗುಂಡಿ ಒತ್ತಿದ ಕ್ಷಣ ಹಲಗೆ ಸ್ಪಂದಿಸುವ ರೀತಿ. ಅದು ಅವರಿಗೆ ಮೆಚ್ಚಿಕೆಯಾಯಿತು. ಪ್ರಕಾಶಕ ಸಂಸ್ಥೆ ಆಕ್ಟಿವಿಷನ್ ಅವರ ಹೆಸರಿನ ಬಳಕೆಗೆ ಒಂದೇ ಬಾರಿಗೆ 5 ಲಕ್ಷ ಡಾಲರ್ ಕೊಡಲು ಮುಂದಾದಾಗ, ಅದನ್ನು ಒಲ್ಲದೆ ಮಾರಾಟದ ಮೇಲಿನ ಗೌರವಧನವನ್ನೇ ಅವರು ಆರಿಸಿಕೊಂಡರು. ಸ್ಕೇಟ್‌ಬೋರ್ಡ್ ಇತಿಹಾಸದಲ್ಲಿ ಇಷ್ಟು ಲಾಭ ತಂದ ತೀರ್ಮಾನ ಇನ್ನೊಂದು ಇರಲಾರದು.

ಆಟದ ಒಳಗುಟ್ಟು

ಆಟದ ರಚನೆ ಸರಳವಾದುದು. ಒಂದು ಸ್ಥಳ, ಎರಡು ನಿಮಿಷ, ಐದು ಗುರಿಗಳು. ನಿಗದಿತ ಅಂಕ ಗಳಿಸುವುದು, ಅದಕ್ಕಿಂತ ಹೆಚ್ಚಿನ ಇನ್ನೊಂದು ಮಟ್ಟವನ್ನು ಮುಟ್ಟುವುದು, ಅಲ್ಲಲ್ಲಿ ತೇಲುವ ಐದು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸುವುದು, ಆ ಸ್ಥಳಕ್ಕೆ ವಿಶಿಷ್ಟವಾದ ಒಂದು ಕೆಲಸ ಮುಗಿಸುವುದು, ಅಡಗಿಸಿಟ್ಟ ವಿಡಿಯೋ ಟೇಪನ್ನು ಹುಡುಕುವುದು. ಪ್ರತಿ ಗುರಿಗೂ ಒಂದು ಟೇಪು ಬಹುಮಾನ. ಟೇಪುಗಳು ಕೂಡಿದಂತೆಲ್ಲ ಮುಂದಿನ ಸ್ಥಳದ ಬಾಗಿಲು ತೆರೆಯುತ್ತದೆ. ಒಟ್ಟು ಒಂಬತ್ತು ಸ್ಥಳಗಳು. ಅವುಗಳಲ್ಲಿ ಮೂರು ಸ್ಪರ್ಧಾಂಗಣಗಳು; ಅಲ್ಲಿ ಟೇಪಿನ ಬದಲು ಪದಕ.

ಎರಡೇ ನಿಮಿಷ ಎಂಬ ಮಿತಿ ಈ ಆಟದ ಅತ್ಯಂತ ಜಾಣ್ಮೆಯ ನಿರ್ಧಾರವೆನ್ನಬೇಕು. ಸೋತರೂ ಕಳೆದುಕೊಂಡದ್ದು ಎರಡು ನಿಮಿಷ ಮಾತ್ರ. ಐದೂ ಗುರಿಗಳನ್ನು ಒಂದೇ ಸರದಿಯಲ್ಲಿ ಮುಗಿಸಬೇಕೆಂಬ ನಿರ್ಬಂಧವಿಲ್ಲ. ಒಮ್ಮೆ ಅಕ್ಷರಗಳ ಬೆನ್ನು ಹತ್ತಬಹುದು, ಮತ್ತೊಮ್ಮೆ ಅಂಕಗಳ ಬೆನ್ನು. ‘ಇನ್ನೊಂದೇ ಸಲ’ ಎನ್ನುತ್ತ ರಾತ್ರಿ ಹನ್ನೊಂದಾಗುವುದು ಹೀಗೆ. ಇದನ್ನು ಗುಣವೆನ್ನುವುದೋ ದೋಷವೆನ್ನುವುದೋ ಮನೆಯ ಹಿರಿಯರನ್ನು ಕೇಳಬೇಕಾದ ಮಾತು.

ಅಂಕ ಕೊಡುವ ಕ್ರಮದಲ್ಲೂ ಅಷ್ಟೇ ವಿವೇಕ ಕಾಣುತ್ತದೆ. ಒಂದು ಗುಂಡಿ ನೆಗೆತಕ್ಕೆ, ಒಂದು ಹಲಗೆಯನ್ನು ಕಾಲಡಿ ತಿರುಗಿಸಲು, ಒಂದು ಹಲಗೆಯನ್ನು ಕೈಯಲ್ಲಿ ಹಿಡಿಯಲು, ಇನ್ನೊಂದು ಕಂಬಿಯ ಮೇಲೆ ಜಾರಲು. ದಿಕ್ಕಿನ ಗುಂಡಿಗಳ ಜೊತೆ ಸೇರಿದರೆ ಹತ್ತಾರು ಪಟ್ಟುಗಳು. ಗಾಳಿಯಲ್ಲಿ ಹೆಚ್ಚು ಸುತ್ತಿದಷ್ಟೂ ಅಂಕ ಹೆಚ್ಚು. ಆದರೆ ಒಂದೇ ಪಟ್ಟನ್ನು ಮತ್ತೆ ಮತ್ತೆ ಹಾಕಿದರೆ ಅದರ ಬೆಲೆ ಇಳಿಯುತ್ತ ಹೋಗುತ್ತದೆ. ಇಳಿಯುವಾಗ ಹಲಗೆ ಚಲನೆಯ ದಿಕ್ಕಿಗೆ ನೇರವಾಗಿಲ್ಲದಿದ್ದರೆ ಬೀಳುವುದು ಖಚಿತ. ಬಿದ್ದರೆ ಆ ನೆಗೆತದ ಅಂಕವೆಲ್ಲ ಹೋಯಿತು. ವಿಶೇಷ ಪಟ್ಟುಗಳಿಗೆಂದು ತುಂಬಿಕೊಂಡ ಶಕ್ತಿಯ ಪಟ್ಟಿಯೂ ಬರಿದಾಗುತ್ತದೆ. ಹೀಗಾಗಿ ಪ್ರತಿ ನೆಗೆತವೂ ಒಂದು ಪುಟ್ಟ ಜೂಜು. ಇನ್ನೊಂದು ಸುತ್ತು ಹಾಕೋಣವೇ, ಇಷ್ಟಕ್ಕೇ ನಿಲ್ಲಿಸಿ ಇಳಿಯೋಣವೇ? ಆಟಗಾರ ಅರ್ಧ ಸೆಕೆಂಡಿನಲ್ಲಿ ತೀರ್ಮಾನಿಸಬೇಕು.

ಇದಕ್ಕಿಂತ ದೊಡ್ಡ ಗುಣವೊಂದಿದೆ. ಈ ಆಟದ ಸ್ಥಳಗಳಲ್ಲಿ ಹೆಚ್ಚಿನವು ಕ್ರೀಡಾಂಗಣಗಳೇ ಅಲ್ಲ. ಹಳೆಯ ಉಗ್ರಾಣ, ಶಾಲೆಯ ಆವರಣ, ಮಾಲ್, ಮಿನಿಯಾಪೊಲಿಸ್ ನಗರದ ಪೇಟೆ, ಸ್ಯಾನ್ ಫ್ರಾನ್ಸಿಸ್ಕೋದ ಬೀದಿ. ಶಾಲೆಯಲ್ಲಿ ಊಟದ ಮೇಜುಗಳ ಅಂಚಿನ ಮೇಲೆ ಜಾರುವುದೇ ಒಂದು ಗುರಿ. ಅರ್ಧ ಗಂಟೆ ಆಡಿದವನ ಕಣ್ಣಿಗೆ ಮೆಟ್ಟಿಲು, ಕೈಪಿಡಿ ಕಂಬಿ, ಕಲ್ಲುಬೆಂಚು, ಚರಂಡಿಯ ಇಳಿಜಾರು ಎಲ್ಲವೂ ಬೇರೆಯಾಗಿ ಕಾಣತೊಡಗುತ್ತವೆ. ಕಟ್ಟಿದವರು ಒಂದು ಉದ್ದೇಶಕ್ಕೆ ಕಟ್ಟಿದ್ದನ್ನು ಆಡುವವರು ಇನ್ನೊಂದಕ್ಕೆ ಬಳಸುವ ಈ ದೃಷ್ಟಿಯೇ ಬೀದಿ ಸ್ಕೇಟಿಂಗ್‌ನ ಜೀವಾಳ. ಗಲ್ಲಿ ಕ್ರಿಕೆಟ್ ಆಡಿ ಬೆಳೆದ ಕನ್ನಡಿಗರಿಗೆ ಇದು ಹೊಸದೇನಲ್ಲ. ಕಾಂಪೌಂಡ್ ಗೋಡೆ ದಾಟಿದರೆ ಔಟ್, ಮೂಲೆಮನೆಯ ಗೇಟಿಗೆ ಬಡಿದರೆ ಎರಡು ರನ್ ಎಂದು ನಿಯಮ ಮಾಡಿದವರು ನೆಲವನ್ನು ಓದಿದ ರೀತಿಯೂ ಇದೇ. ಪೋರ್ಟ್‌ಲೆಂಡ್ ನಗರದ ಬರ್ನ್‌ಸೈಡ್ ಸೇತುವೆಯ ಕೆಳಗಿನ ಅಂಗಣವೂ ಆಟದಲ್ಲಿದೆ. 1990ರಲ್ಲಿ ಯಾರ ಅನುಮತಿಗೂ ಕಾಯದೆ ಸ್ಕೇಟರ್‌ಗಳೇ ಸಿಮೆಂಟು ಕಲಸಿ ಕಟ್ಟಲು ಆರಂಭಿಸಿದ ಜಾಗವದು.

ದಢೇಸುಗೂರಿಗೆ ಏನು ಸಿಕ್ಕಿತು?

ಕರ್ನಾಟಕದ ಓದುಗರಿಗೆ ಈ ಆಟ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಸ್ಕೇಟ್‌ಬೋರ್ಡಿನ ಗಾಲಿಗಳ ವ್ಯಾಸ ಸುಮಾರು 5 ಸೆಂಟಿಮೀಟರ್ ಮಾತ್ರ. ಒಂದು ಜಲ್ಲಿಕಲ್ಲು ಅಡ್ಡ ಬಂದರೆ ಗಾಲಿ ತಟ್ಟನೆ ನಿಲ್ಲುತ್ತದೆ, ಸವಾರ ಮುಂದಕ್ಕೆ ಹಾರಿ ಬೀಳುತ್ತಾನೆ. ನುಣುಪಾದ ಕಾಂಕ್ರೀಟು ನೆಲವಿಲ್ಲದೆ ಈ ಕ್ರೀಡೆ ಇಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ದಢೇಸುಗೂರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತುಂಗಭದ್ರೆಯ ದಂಡೆಯ ಈ ಊರಿನ ಹೆಸರು ಹೊರಗಿನವರ ಕಿವಿಗೆ ಬೀಳುವುದು ಸಿರುಗುಪ್ಪದ ಕಡೆಗೆ ದಾಟಿಸುವ ಸೇತುವೆಯಿಂದ, ಇಲ್ಲವೇ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದ. ಸುತ್ತ ಭತ್ತದ ಗದ್ದೆ. ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ಎರೆಮಣ್ಣು. ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯ ಅರ್ಧ ಭಾಗ ಭತ್ತ ಒಣಗಿಸುವ ಕಣವಾಗುವುದು ಈ ಸೀಮೆಯಲ್ಲಿ ಸಾಮಾನ್ಯ. ಇಂಥ ಊರಿನ ಹುಡುಗನೋ ಹುಡುಗಿಯೋ ಸ್ಕೇಟ್‌ಬೋರ್ಡ್ ಕಲಿಯಬೇಕೆಂದರೆ ಹಲಗೆಗಿಂತ ಮೊದಲು ನೆಲವನ್ನೇ ಹುಡುಕಬೇಕು. ರಾಜಧಾನಿಯ ಸ್ಥಿತಿಯೂ ಬಹುಕಾಲ ಹೆಚ್ಚು ಭಿನ್ನವಾಗಿರಲಿಲ್ಲ. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ಸ್ಕೇಟರ್‌ಗಳ ತಂಡ ಕಾಂಕ್ರೀಟಿನ ಅಂಗಣ ಕಟ್ಟಿದ್ದು 2013ರಲ್ಲಿ, ಅಂದರೆ ಈ ಆಟ ಬಂದು ಹದಿನಾಲ್ಕು ವರ್ಷಗಳ ನಂತರ.

ಆದ್ದರಿಂದ ನಮ್ಮ ನಾಡಿನ ಬಹುಪಾಲು ಜನರಿಗೆ ಪರದೆಯ ಮೇಲಿನ ಸ್ಕೇಟಿಂಗೇ ಸ್ಕೇಟಿಂಗ್. ಅದು ಏನನ್ನು ಸರಿಯಾಗಿ ತೋರಿಸಿತು, ಏನನ್ನು ಮರೆಮಾಚಿತು ಎಂಬುದು ಕೇವಲ ಆಟಪ್ರಿಯರ ಹರಟೆಯಾಗಿ ಉಳಿಯುವುದಿಲ್ಲ.

ಸರಿಯಾಗಿ ತೋರಿಸಿದ್ದು ಬಹಳಷ್ಟಿದೆ. ಪಟ್ಟುಗಳ ಹೆಸರುಗಳು ನಿಜವಾದವು. ಆಯ್ದುಕೊಳ್ಳಲು ಇದ್ದ ಹತ್ತು ಮಂದಿ ಸ್ಕೇಟರ್‌ಗಳೂ ನಿಜವಾದವರು. ಬಾಬ್ ಬರ್ನ್‌ಕ್ವಿಸ್ಟ್, ಕರೀಮ್ ಕ್ಯಾಂಪ್‌ಬೆಲ್, ಆ್ಯಂಡ್ರ್ಯೂ ರೆನಾಲ್ಡ್ಸ್, ಜೇಮಿ ಥಾಮಸ್ ಮೊದಲಾದವರ ಹೆಸರುಗಳು ಅಮೆರಿಕದ ಸ್ಕೇಟ್ ಪತ್ರಿಕೆಗಳನ್ನು ಕಂಡರಿಯದವರಿಗೂ ಪರಿಚಿತವಾದದ್ದು ಈ ಆಟದಿಂದ. ಒಬ್ಬರ ವೃತ್ತಿಪಯಣವನ್ನು ಆಡಿ ಮುಗಿಸಿದರೆ ಅವರು ನಿಜವಾಗಿ ಸ್ಕೇಟ್ ಮಾಡಿದ ಚಿತ್ರತುಣುಕು ಬಹುಮಾನವಾಗಿ ದೊರೆಯುತ್ತಿತ್ತು. ಪಂಕ್ ಸಂಗೀತದ ಡೆಡ್ ಕೆನಡೀಸ್, ಗೋಲ್ಡ್‌ಫಿಂಗರ್ ತಂಡಗಳ ಹಾಡುಗಳು ಹಿನ್ನೆಲೆಯಲ್ಲಿ ಮೊಳಗುತ್ತಿದ್ದವು. ಕ್ರೀಡೆಯ ಜೊತೆ ಅದರ ವೇಷ, ಸಂಗೀತ, ಠೇಂಕಾರ ಎಲ್ಲವೂ ಒಂದೇ ಡಿಸ್ಕಿನಲ್ಲಿ ಬಂದವು.

ಮರೆಮಾಚಿದ್ದು ಮುಖ್ಯವಾಗಿ ಒಂದನ್ನು: ಕಲಿಕೆಯ ಕಷ್ಟವನ್ನು. ನೆಗೆತದ ಉದಾಹರಣೆ ನೋಡಬಹುದು. ಸ್ಕೇಟರ್‌ಗಳು ‘ಆಲಿ’ ಎನ್ನುವ ಈ ನೆಗೆತದಲ್ಲಿ ಕೈ ಮುಟ್ಟದೆಯೇ ಹಲಗೆ ಕಾಲಿಗಂಟಿದಂತೆ ಮೇಲೇರುತ್ತದೆ. ಫ್ಲಾರಿಡಾದ ಆ್ಯಲನ್ ಗೆಲ್ಫಂಡ್ 1970ರ ದಶಕದ ಕೊನೆಯಲ್ಲಿ ಬಾಣಲೆಯಾಕಾರದ ಅಂಗಣದಲ್ಲಿ ಇದನ್ನು ಕಂಡುಕೊಂಡರು. 1980ರ ದಶಕದ ಆರಂಭದಲ್ಲಿ ರಾಡ್ನಿ ಮುಲ್ಲನ್ ಇದನ್ನು ಸಮತಟ್ಟಾದ ನೆಲಕ್ಕೆ ಒಗ್ಗಿಸಿದರು. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿದರೆ ಸನ್ನೆಗೋಲಿನಂತೆ ಮೂತಿ ಮೇಲೇಳುತ್ತದೆ. ಅದೇ ಗಳಿಗೆಯಲ್ಲಿ ಸವಾರ ಜಿಗಿಯಬೇಕು. ಮುಂಗಾಲನ್ನು ಹಲಗೆಗೆ ಉಜ್ಜುತ್ತ ಮುಂದಕ್ಕೆ ತಳ್ಳಿ ಹಿಂಭಾಗವನ್ನೂ ಮೇಲಕ್ಕೆತ್ತಿ ಸಮ ಮಾಡಬೇಕು. ಇಷ್ಟೂ ಒಂದು ಸೆಕೆಂಡಿನೊಳಗೆ. ನಿಂತ ನೆಲದಲ್ಲಿ ಇದನ್ನು ಒಂದು ಗೇಣು ಎತ್ತರಕ್ಕೆ ಮಾಡಲು ಹೊಸಬರಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆಟದಲ್ಲಿ ಇದಕ್ಕೆ ಒಂದು ಗುಂಡಿ. ನೆಗೆತವೋ ಆಳೆತ್ತರ ಮೀರಿದ್ದು.

ಬೀಳುವುದರ ವಿಷಯವೂ ಹೀಗೆಯೇ. ನೆಲದ ಮೇಲೆ ಒಂದಿಷ್ಟು ರಕ್ತದ ಕಲೆ, ಒಂದು ನರಳಾಟದ ಸದ್ದು. ಮರುಕ್ಷಣ ಸವಾರ ಎದ್ದು ಹೊರಟಾಯಿತು. ಮಹಡಿಯ ಎತ್ತರದಿಂದ ಬಿದ್ದರೂ ಮಣಿಕಟ್ಟು ಮುರಿಯುವುದಿಲ್ಲ. ತಲೆಗೆ ಹೆಲ್ಮೆಟ್ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ. ವಾಸ್ತವದಲ್ಲಿ ಹೊಸ ಸ್ಕೇಟರ್‌ಗಳು ಮೊದಲು ಪೆಟ್ಟು ಮಾಡಿಕೊಳ್ಳುವುದು ಮಣಿಕಟ್ಟಿಗೆ, ಏಕೆಂದರೆ ಬೀಳುವಾಗ ಕೈಯೂರುವುದು ದೇಹದ ಸಹಜ ಗುಣ. ಆಡಿ ಉತ್ಸಾಹಗೊಂಡು ಹಲಗೆ ಕೊಳ್ಳುವ ಮಕ್ಕಳಿಗೆ ಈ ಮಾತನ್ನು ಬೇರೆ ಯಾರಾದರೂ ಹೇಳಬೇಕು, ಆಟ ಹೇಳುವುದಿಲ್ಲ. ಹಾಗೆಂದು ನೋವಿನ ಲೆಕ್ಕವನ್ನೂ ಆಟದೊಳಗೆ ತಂದಿದ್ದರೆ ಅದನ್ನು ಯಾರೂ ಎರಡನೆಯ ಬಾರಿ ಆಡುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಆಟವಾಗಿ ಎಡವಿದ ಕಡೆಗಳು

ವಾಸ್ತವದ ಪ್ರಶ್ನೆಯನ್ನು ಬದಿಗಿಟ್ಟು ಕೇವಲ ಆಟವಾಗಿ ನೋಡಿದರೂ ಕೊರತೆಗಳಿವೆ. ಮೂಲ ಪ್ಲೇಸ್ಟೇಷನ್ ಯಂತ್ರದ ಮುಖ್ಯ ಸ್ಮೃತಿ ಕೇವಲ 2 ಮೆಗಾಬೈಟ್. ಅಷ್ಟರಲ್ಲಿ ಇಡೀ ಬೀದಿಯನ್ನು ಹಿಡಿಸುವುದು ಸಾಹಸವೇ ಆದರೂ, ದೂರದ ಕಟ್ಟಡಗಳು ಇದ್ದಕ್ಕಿದ್ದಂತೆ ಎದುರಿಗೆ ಮೂಡುವುದು, ಗೋಡೆಯ ಚಿತ್ತಾರ ಹತ್ತಿರ ಹೋದಂತೆ ಅಲುಗಾಡುವುದು ಕಣ್ಣಿಗೆ ಹೊಡೆಯುತ್ತವೆ. ಇಕ್ಕಟ್ಟಾದ ಮೂಲೆಯಲ್ಲಿ ಕ್ಯಾಮೆರಾ ದಾರಿ ತಪ್ಪುತ್ತದೆ. ನಿಂಟೆಂಡೊ 64 ಯಂತ್ರಕ್ಕೆ 2000ದಲ್ಲಿ ಬಂದ ರೂಪದಲ್ಲಿ ಕಾರ್ಟ್ರಿಡ್ಜ್‌ನ ಸೀಮಿತ ಜಾಗದಿಂದಾಗಿ ಹಾಡುಗಳನ್ನು ಕತ್ತರಿಸಬೇಕಾಯಿತು.

ಹತ್ತು ಸ್ಕೇಟರ್‌ಗಳಲ್ಲಿ ಮಹಿಳೆ ಒಬ್ಬರೇ, ಎಲಿಸಾ ಸ್ಟೀಮರ್. ಆಡುವವರು ತಮ್ಮದೇ ಪಾತ್ರವನ್ನು ರೂಪಿಸಿಕೊಳ್ಳುವಂತಿಲ್ಲ, ತಮ್ಮ ಕಲ್ಪನೆಯ ಅಂಗಣ ಕಟ್ಟುವಂತಿಲ್ಲ. ಫೀನಿಕ್ಸ್ ನಗರದ ಇಳಿಜಾರಿನ ಓಟದಂಥ ಹಂತದಲ್ಲಿ ಒಮ್ಮೆ ಕೆಳಗಿಳಿದರೆ ಮೇಲೆ ಬರುವ ದಾರಿಯಿಲ್ಲ. ತಪ್ಪಿಸಿಕೊಂಡ ಒಂದು ಅಕ್ಷರಕ್ಕಾಗಿ ಇಡೀ ಹಂತವನ್ನು ಮರಳಿ ಆಡಬೇಕು. ಬೇರೆ ಸ್ಥಳಗಳು ಕೊಡುವ ಅಲೆದಾಟದ ಸ್ವಾತಂತ್ರ್ಯ ಇಲ್ಲಿಲ್ಲ. ಇದ್ದ ಒಂಬತ್ತರಲ್ಲಿ ಇದೇ ದುರ್ಬಲ ಎನ್ನಬಹುದು.

ಇಬ್ಬರು ಆಡುವಾಗ ಮಾತ್ರ ದೂರಲು ಏನೂ ಇಲ್ಲ. ಪರದೆಯನ್ನು ಎರಡಾಗಿ ಸೀಳಿ ಆಡುವ ‘ಗ್ರಾಫಿಟಿ’ ಪಂದ್ಯದಲ್ಲಿ ಪಟ್ಟು ಹಾಕಿದ ವಸ್ತುವೆಲ್ಲ ಆಟಗಾರನ ಬಣ್ಣಕ್ಕೆ ತಿರುಗುತ್ತದೆ. ಎದುರಾಳಿ ಅದೇ ಬೆಂಚಿನ ಮೇಲೆ ಹೆಚ್ಚಿನ ಅಂಕ ಗಳಿಸಿದರೆ ಬೆಂಚು ಅವನ ಪಾಲು. ಅಣ್ಣತಮ್ಮಂದಿರ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗದು.

ಆಳವಾದ ಮಿತಿ ಇರುವುದು ಪಟ್ಟುಗಳ ಸರಪಳಿಯಲ್ಲಿ. ಗಾಳಿಯ ಪಟ್ಟಿನಿಂದ ಕಂಬಿಗೆ, ಕಂಬಿಯಿಂದ ಮತ್ತೆ ಗಾಳಿಗೆ ಹೋಗಬಹುದು. ಆದರೆ ಗಾಲಿಗಳು ನೆಲ ಮುಟ್ಟಿದೊಡನೆ ಸರಪಳಿ ಕಡಿಯುತ್ತದೆ. 2000ದಲ್ಲಿ ಬಂದ ಎರಡನೆಯ ಆವೃತ್ತಿ ಇದಕ್ಕೆ ‘ಮ್ಯಾನುಯಲ್’ ಎಂಬ ಪರಿಹಾರ ತಂದಿತು. ಎರಡೇ ಗಾಲಿಗಳ ಮೇಲೆ ತೂಗಿಕೊಂಡು ಸಾಗುತ್ತ ಒಂದು ಪಟ್ಟಿನಿಂದ ಇನ್ನೊಂದಕ್ಕೆ ಸೇತುವೆ ಕಟ್ಟಬಹುದಾಯಿತು. ಪಾತ್ರ ಮತ್ತು ಅಂಗಣಗಳನ್ನು ರೂಪಿಸುವ ಸೌಲಭ್ಯವೂ ಅದರಲ್ಲೇ ಬಂದಿತು. ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಅದರ ಪ್ಲೇಸ್ಟೇಷನ್ ರೂಪಕ್ಕೆ 100ಕ್ಕೆ 98 ಅಂಕ. ಗಣಕಯಂತ್ರಕ್ಕೂ ಬಂದದ್ದು ಈ ಎರಡನೆಯ ಆವೃತ್ತಿಯೇ. 2001ರ ಮೂರನೆಯ ಆವೃತ್ತಿ ‘ರಿವರ್ಟ್’ ಸೇರಿಸಿತು. ಇಳಿಜಾರಿನಿಂದ ಇಳಿಯುವಾಗಲೂ ಸರಪಳಿ ಕಡಿಯದಂತಾಯಿತು.

ಆದರೆ ಈ ರಿಪೇರಿಗೆ ತೆತ್ತ ಬೆಲೆ ಸಣ್ಣದಲ್ಲ. ನುರಿತವರು ಇಡೀ ಎರಡು ನಿಮಿಷವನ್ನು ಒಂದೇ ಸರಪಳಿಯಾಗಿ ಹೊಸೆದು ಲಕ್ಷಗಟ್ಟಲೆ ಅಂಕ ಗಳಿಸತೊಡಗಿದಾಗ ನೆಲವನ್ನು ಓದುವ ಅಗತ್ಯವೇ ಕಡಿಮೆಯಾಯಿತು. ಮೊದಲ ಆಟದಲ್ಲಿ ಒಂದು ಕಂಬಿಯಿಂದ ಮುಂದಿನ ಕಂಬಿಗೆ ದಾರಿ ಹುಡುಕುವುದೇ ಬುದ್ಧಿಗೆ ಕೆಲಸ. ಸರಪಳಿ ಎಲ್ಲಿ ಕಡಿಯುತ್ತದೆಂದು ಗೊತ್ತಿದ್ದುದರಿಂದಲೇ ಬೆಂಚು ಎಲ್ಲಿದೆ ಎಂಬುದು ಮುಖ್ಯವಾಗಿತ್ತು. ಈ ದೃಷ್ಟಿಯಿಂದ, ಕೊರತೆಯೆಂದು ಎಲ್ಲರೂ ಎಣಿಸುವ ಈ ಮಿತಿ ಅರ್ಧದಷ್ಟಾದರೂ ಗುಣವೇ.

ನಂತರದ ಹಾದಿ

2007ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನ ‘ಸ್ಕೇಟ್’ ಬೇರೊಂದು ದಾರಿ ಹಿಡಿಯಿತು. ಗುಂಡಿಯ ಬದಲು ಬಲಗೈಯ ಪುಟ್ಟ ಕಡ್ಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ಚಿಮ್ಮಿಸಿದರೆ ಮಾತ್ರ ನೆಗೆತ, ನಿಜವಾದ ಸವಾರನ ಕಾಲು ಮಾಡುವಂತೆ. ಅಲ್ಲಿ ಒಂದು ಸಾಧಾರಣ ಮೆಟ್ಟಿಲು ಸಾಲು ದಾಟುವುದೂ ಸಾಧನೆ. ಟೋನಿ ಹಾಕ್ ಸರಣಿ ಇದಕ್ಕೆ ಉತ್ತರವಾಗಿ 2009ರಲ್ಲಿ ‘ರೈಡ್’ ತಂದಿತು. ಸಂವೇದಕಗಳಿದ್ದ ನಿಜಗಾತ್ರದ ಹಲಗೆಯ ಮೇಲೆ ನಡುಮನೆಯಲ್ಲಿ ನಿಂತು ಆಡಬೇಕು. ಗಾಲಿಯಿಲ್ಲದ, ಚಲಿಸದ ಹಲಗೆಯದು. ಅದು ದಯನೀಯವಾಗಿ ಸೋತಿತು. ನಾಲ್ಕು ಗುಂಡಿಗಳ ಸುಳ್ಳನ್ನು ಸಂತೋಷದಿಂದ ಒಪ್ಪಿದ್ದ ಆಟಗಾರರು ಹಲಗೆಯ ರೂಪದ ಈ ಅರೆಸತ್ಯವನ್ನು ಒಪ್ಪಲಿಲ್ಲ. ಮೂಲ ಆಟ ಕಟ್ಟಿದ ನೆವರ್‌ಸಾಫ್ಟ್ ಸಂಸ್ಥೆ 2014ರಲ್ಲಿ ಅಸ್ತಿತ್ವ ಕಳೆದುಕೊಂಡಿತು.

ಹಳೆಯ ಆಟವನ್ನು ಉಳಿಸಿಕೊಳ್ಳುವುದೂ ಸುಲಭವಾಗಲಿಲ್ಲ. ಮೊದಲೆರಡು ಆವೃತ್ತಿಗಳ ಆಯ್ದ ಸ್ಥಳಗಳನ್ನು ಕೂಡಿಸಿ 2012ರಲ್ಲಿ ಬಂದ ‘ಎಚ್‌ಡಿ’ ರೂಪವನ್ನು 2017ರಲ್ಲಿ ಮಾರಾಟದಿಂದ ಹಿಂತೆಗೆಯಲಾಯಿತು. ಹಾಡುಗಳ ಪರವಾನಗಿ ಅವಧಿ ಮುಗಿದದ್ದು ಕಾರಣ. ಆಟಕ್ಕೆ ಜೀವ ತುಂಬಿದ ಸಂಗೀತವೇ ಅದರ ಕೊರಳಿಗೆ ಉರುಳಾದದ್ದು ವಿಪರ್ಯಾಸ.

2020ರ ಸೆಪ್ಟೆಂಬರ್ 4ರಂದು ಮೊದಲೆರಡು ಆಟಗಳೂ ಹೊಸದಾಗಿ ಕಟ್ಟಿದ ರೂಪದಲ್ಲಿ, ಗಣಕಯಂತ್ರವೂ ಸೇರಿದಂತೆ, ಬಿಡುಗಡೆಯಾದವು. ಹಳೆಯ ಸ್ಕೇಟರ್‌ಗಳು ತಮ್ಮ ಈಗಿನ ವಯಸ್ಸಿನ ಮುಖಗಳೊಂದಿಗೆ ಮರಳಿದರು. ಲೆಟೀಸಿಯಾ ಬುಫೋನಿ, ಲಿಜ್ಜಿ ಅರ್ಮಾಂಟೊ, ಆಓರಿ ನಿಶಿಮುರಾ ಅವರ ಸೇರ್ಪಡೆಯಿಂದ ಎಲಿಸಾ ಸ್ಟೀಮರ್ ಒಂಟಿಯಾಗಿ ಉಳಿಯಲಿಲ್ಲ. ಮರುವರ್ಷ ಟೋಕಿಯೊದಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿದಾಗ ಮಹಿಳೆಯರ ಬೀದಿ ವಿಭಾಗದ ಚಿನ್ನ ಗೆದ್ದವಳು ಜಪಾನಿನ 13 ವರ್ಷದ ಮೊಮಿಜಿ ನಿಶಿಯಾ. 2025ರ ಜುಲೈನಲ್ಲಿ ಮೂರು ಮತ್ತು ನಾಲ್ಕನೆಯ ಆವೃತ್ತಿಗಳೂ ಇದೇ ರೀತಿ ಮರುಹುಟ್ಟು ಪಡೆದಿವೆ.

ಇಂದು ಹೊಸದಾಗಿ ಆಡಬಯಸುವವರಿಗೆ 2020ರ ರೂಪವೇ ಅನುಕೂಲ. ಅದರಲ್ಲಿ ಮ್ಯಾನುಯಲ್, ರಿವರ್ಟ್‌ಗಳು ಮೊದಲಿನಿಂದಲೇ ಕೈಗೆ ಸಿಗುತ್ತವೆ. ಅವೆರಡನ್ನೂ ಬಳಸದೆ ಉಗ್ರಾಣದ ಹಂತವನ್ನು ನಾಲ್ಕಾರು ಬಾರಿ ಆಡಿದರೆ 1999ರ ಆಟ ಹೇಗಿತ್ತೆಂಬುದು ಬೇಗ ತಿಳಿಯುತ್ತದೆ. ಆರಂಭದ ಇಳಿಜಾರಿನಿಂದ ನೇರ ಕೆಳಗೆ ಜಾರಿ, ಎಡಬಲದ ಕಂಬಿಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂದು ಯೋಚಿಸುವಷ್ಟರಲ್ಲಿ ಮೊದಲ ಹತ್ತು ಸೆಕೆಂಡು ಕಳೆದಿರುತ್ತದೆ.